ಬೂದಮ್ಮ ಹಾಲು ಕುಡಿದ ವರ್ಷ

ಹೋದ ವಾರ ಹೇರೋಹಳ್ಳಿಯಲ್ಲಿ ನಾನು ಕಾಲು ಕೆಜಿ ಒಣಮೀನು ಕೊಂಡೆ. ಅರವತ್ತೆಂಟು ವರ್ಷದ ನಾನು, ಕೇಕಿನಲ್ಲಿ ಮೊಟ್ಟೆ ಇದೆಯಾ ಅಂತ ಬೇಕರಿಯವನನ್ನು ಇವತ್ತಿಗೂ ಎರಡೆರಡು ಸಲ ಕೇಳುವ ನಾನು.

ನೆಂಟರ ಗೃಹಪ್ರವೇಶಕ್ಕೆಂದು ಸೊಸೆಯ ಜೊತೆ ಹೋಗಿದ್ದೆ. ಊಟ ಮುಗಿಸಿ ಕಾರಿನ ಕಡೆ ನಡೆಯುತ್ತಿದ್ದಾಗ ರಸ್ತೆ ಬದಿಯಲ್ಲಿ ಹೆಂಗಸೊಬ್ಬಳು ಗೋಣಿತಾಟು ಹಾಸಿ ಒಣಮೀನು ಗುಡ್ಡೆ ಹಾಕಿಕೊಂಡು ಕೂತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಲು ಮುಂದಕ್ಕೆ ಹೋಗಲಿಲ್ಲ.

"ಎಷ್ಟ್ ಕಟ್ಲಿ ಅಜ್ಜಿ?" ಅಂದಳು. ಕಾಲು ಕೆಜಿ ಅಂದೆ. ಸೊಸೆ ನನ್ನ ಹಣೆ ಮುಟ್ಟಿ ನೋಡುವುದೊಂದು ಬಾಕಿ. "ಅತ್ತೆ, ಹುಷಾರಾಗಿದೀರ ತಾನೇ? ಯಾರಿಗೆ ಇದು?" ಅಂತ ಕೇಳಿದಳು. ಬೆಕ್ಕಿಗೆ ಅಂದೆ. ನಮ್ಮ ಮನೆಯಲ್ಲಿ ಬೆಕ್ಕಿಲ್ಲ. ಪಾಪ, ಅವಳು ಕಾರಿನ ಕಿಟಕಿಗಳನ್ನೆಲ್ಲ ಇಳಿಸಿದಳು.

ಅದು ಎಪ್ಪತ್ತಾರರ ಮಳೆಗಾಲ. ಬಸವೇಶ್ವರನಗರ ಆಗಿನ್ನೂ ನಗರ ಅಂತ ಕರೆಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಕಲ್ಲು ನೆಟ್ಟ ಸೈಟುಗಳು, ಅವುಗಳ ನಡುವೆ ಇನ್ನೂ ಸುಣ್ಣ ಕಾಣದ ಒಂದೊಂದು ಮನೆ, ಮಳೆ ಬಂದರೆ ಮೊಣಕಾಲುದ್ದ ಕೆಸರು. ಚಿತ್ರದುರ್ಗದ ಕಡೆಯಿಂದ ಬಂದ ನಾವು ಅಲ್ಲೊಂದು ಪುಟ್ಟ ಮನೆಯಲ್ಲಿ ಬಾಡಿಗೆಗಿದ್ದೆವು. ನಾವು ಅಂದರೆ ಅಪ್ಪ ಮತ್ತು ನಾನು, ಇಬ್ಬರೇ. ಅಮ್ಮ ಅದೇ ಮನೆಯಲ್ಲಿ ತೀರಿಕೊಂಡು ಮೂರು ವರ್ಷವಾಗಿತ್ತು. ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಬೆಳಗ್ಗೆ ಸ್ನಾನ, ವಿಭೂತಿ, ಲಿಂಗಪೂಜೆ ಆಗುವ ತನಕ ಬಾಯಿಗೆ ಒಂದು ತೊಟ್ಟು ನೀರು ಹಾಕುತ್ತಿರಲಿಲ್ಲ. ಆಮೇಲೆ ಸೈಕಲ್ ಹತ್ತಿ ಮಾಗಡಿ ರೋಡಿನ ದಾರಿ ಹಿಡಿಯುತ್ತಿದ್ದರು.

ಅಮ್ಮ ಹೋದ ಮೇಲೆ ಅಡುಗೆಮನೆ ನನ್ನ ಪಾಲಿಗೆ ಬಂತು. ಅದರ ಜೊತೆಗೆ ಅಮ್ಮನ ಕಟ್ಟುನಿಟ್ಟೂ ಬಂತು. ಅವಳಿಗಿಂತ ನಾನು ಒಂದು ಕೈ ಹೆಚ್ಚೇ ಅನ್ನಿ. ಅಮ್ಮನ ಜಾಗ ಖಾಲಿ ಬಿದ್ದಿದೆ ಅಂತ ಯಾರ ಕಣ್ಣಿಗೂ ಬೀಳಬಾರದು ಅಂತ ನನಗೊಂದು ಹಟ. ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡಿದ್ದೆ. ಕಾಲೇಜಿನಲ್ಲಿ ಕಪ್ಪೆ ಕೊಯ್ದು ಬಂದ ದಿನ ತಲೆಗೆ ನೀರು ಹಾಕಿಕೊಳ್ಳದೆ ಒಲೆಯ ಹತ್ತಿರ ಸುಳಿಯುತ್ತಿರಲಿಲ್ಲ. ಹದಿನೆಂಟು ವರ್ಷಕ್ಕೇ ಅರವತ್ತರ ಮುದುಕಿಯ ಹಾಗೆ ಗದರುತ್ತಿದ್ದೆ. ಅಪ್ಪ ಅದಕ್ಕೆಲ್ಲ ತಲೆಬಾಗಿ ನಡೆಯುತ್ತಿದ್ದರು.

ಆಷಾಢದ ಒಂದು ಸಂಜೆ ಅಪ್ಪ ಸೈಕಲ್ ತಳ್ಳಿಕೊಂಡು ನಡೆದೇ ಬಂದರು. ಮೈಯೆಲ್ಲ ಒದ್ದೆ. ಮಳೆಗೆ ಹಾಕಿಕೊಳ್ಳಬೇಕಾದ ಕೋಟು ಮುದ್ದೆಯಾಗಿ ಅವರ ಎದೆಗೆ ಆತುಕೊಂಡಿತ್ತು.

"ಗಿರಿಜಾ, ಹಳೇ ಬಟ್ಟೆ ಏನಾದ್ರೂ ತಾರವ್ವ. ಕಾಮಾಕ್ಷಿಪಾಳ್ಯದ ಇಳಿಜಾರಲ್ಲಿ ಬ್ರೇಕ್ ಹಿಡೀಲಿಲ್ಲ. ನನ್ನ ಚಕ್ರಕ್ಕೇ ಸಿಕ್ಕಿಬಿಡ್ತು" ಅಂದರು. ಕೋಟಿನೊಳಗೆ ಬೂದು ಬಣ್ಣದ ಬೆಕ್ಕು. ತೀರಾ ಮರಿಯಲ್ಲ, ಪೂರಾ ಬೆಳೆದದ್ದೂ ಅಲ್ಲ. ಹಿಂಗಾಲು ಒಂದು ಜೋತುಬಿದ್ದಿತ್ತು. ಅಪ್ಪನ ಕೈ ಗಡಗಡ ನಡುಗುತ್ತಿತ್ತು. ಅಮ್ಮನನ್ನು ಮಣ್ಣು ಮಾಡಿ ಬಂದ ದಿನವೂ ಆ ಕೈ ನಡುಗಿದ್ದನ್ನು ನಾನು ನೋಡಿರಲಿಲ್ಲ.

ಬೆಕ್ಕನ್ನು ಕೊಂದವರು ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕು ಅಂತ ನಮ್ಮ ಕಡೆ ಹೇಳುತ್ತಾರೆ. ಅಪ್ಪ ಅಂಥದನ್ನೆಲ್ಲ ನಂಬುವವರಲ್ಲ. ಆದರೂ ಆ ಸಂಜೆ ಜಗಲಿಯಲ್ಲಿ ಬೆಕ್ಕಿನ ಪಕ್ಕ ಕುಕ್ಕರಗಾಲಲ್ಲಿ ಕೂತು, "ನನ್ನ ಕೈಲಿ ಇದು ಸಾಯಬಾರದು ಕಣವ್ವಾ. ಏನಾದ್ರೂ ಆಗಲಿ, ನನ್ನ ಕೈಲಿ ಮಾತ್ರ ಸಾಯಬಾರದು" ಅಂತ ಹೇಳಿದ್ದನ್ನೇ ಹೇಳುತ್ತಿದ್ದರು.

ಮಾರನೆಯ ದಿನ ಕಚೇರಿಗೆ ರಜೆ ಹಾಕಿ ಕಾಮಾಕ್ಷಿಪಾಳ್ಯದಲ್ಲಿ ಮೂಳೆ ಕಟ್ಟುವವನ ಹತ್ತಿರ ಹೋದರು. ವರ್ಕ್‌ಶಾಪುಗಳಲ್ಲಿ ಕೈಕಾಲು ಮುರಿದುಕೊಂಡವರೆಲ್ಲ ಹೋಗುತ್ತಿದ್ದ ಜಾಗ ಅದು. "ಮನುಷ್ಯರಿಗೆ ಕಟ್ಟೋಕೇ ಪುರುಸೊತ್ತಿಲ್ಲ ಸ್ವಾಮಿ" ಅಂತ ಗೊಣಗಿದರೂ ಅವನು ಬಿದಿರಿನ ದಬ್ಬೆ ಇಟ್ಟು, ಬಟ್ಟೆಗೆ ಮೊಟ್ಟೆಯ ಲೋಳೆ ಬಳಿದು, ಬಿಗಿಯಾಗಿ ಕಟ್ಟಿಕೊಟ್ಟನಂತೆ. ಮೊಟ್ಟೆ ಅಂದ ತಕ್ಷಣ ನಾನು ಬಾಗಿಲಿಗೆ ಅಡ್ಡ ನಿಂತೆ.

"ಆ ಕಟ್ಟು ಬಿಚ್ಚೋ ತನಕ ಇದು ಹೊಸಿಲು ದಾಟಕೂಡದು ಅಪ್ಪಾ."

"ಆಯ್ತವ್ವ, ಜಗಲೀಲೇ ಇರಲಿ" ಅಂದರು ಅಪ್ಪ. ಹೀಗೆ ಬೂದಮ್ಮ ಒಂದೂವರೆ ತಿಂಗಳು ಜಗಲಿಯ ಮೇಲೆ ಮಂಕರಿಯಲ್ಲಿ ಮಲಗಿದಳು. ಬೂದಮ್ಮ ಅನ್ನುವ ಹೆಸರನ್ನು ಅಪ್ಪನೇ ಇಟ್ಟದ್ದು. ಕಚೇರಿಗೆ ಹೊರಡುವ ಮುಂಚೆ ತೆಂಗಿನ ಚಿಪ್ಪಿನಲ್ಲಿ ಹಾಲು ಹಾಕಿ, ಹತ್ತಿಯನ್ನು ಅದರಲ್ಲಿ ಅದ್ದಿ ಬಾಯಿಗೆ ಹಿಂಡುತ್ತಿದ್ದರು. ಸಂಜೆ ಬಂದ ಮೇಲೆ ಮತ್ತೆ ಅದೇ ಕೆಲಸ. ನನ್ನ ಜೊತೆ ದಿನಕ್ಕೆ ಹತ್ತು ಮಾತಾಡದ ಮನುಷ್ಯ ಆ ಮಂಕರಿಯ ಮುಂದೆ ಕೂತು ಕಚೇರಿಯ ವರದಿಯನ್ನೆಲ್ಲ ಒಪ್ಪಿಸುತ್ತಿದ್ದರು. ನಾನು ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದೆ. ಹೊಟ್ಟೆಕಿಚ್ಚಾಗುತ್ತಿತ್ತು, ಯಾಕೆ ಸುಳ್ಳು ಹೇಳಲಿ.

ನಮಗೆ ಹಾಲು ತರುತ್ತಿದ್ದವರು ಹೇರೋಹಳ್ಳಿಯ ಸಣ್ಣಮ್ಮ. ಬೆಳಗಿನ ಮೊದಲ ಬಸ್ಸಿಗೆ ಕ್ಯಾನು ಹೊತ್ತು ಬಂದು, ಹತ್ತಾರು ಮನೆಗಳಿಗೆ ಹಾಲು ಹಾಕಿ ಹೋಗುತ್ತಿದ್ದರು. ಅಗಲ ಹಣೆ, ಗಟ್ಟಿ ದನಿ, ಐವತ್ತರ ಹತ್ತಿರದ ಹೆಂಗಸು. ಎರಡು ವಾರ ಬೆಕ್ಕನ್ನು ನೋಡಿದ ಮೇಲೆ ಒಂದು ದಿನ ಕ್ಯಾನು ಕೆಳಗಿಟ್ಟು, "ಬರೀ ಹಾಲಲ್ಲಿ ಮೂಳೆ ಕೂಡ್ಕಂತದಾ ಸ್ವಾಮಿ? ಬೆಕ್ಕಲ್ವಾ?" ಅಂದರು. ಅಪ್ಪ ಅಡುಗೆಮನೆಯ ಕಡೆ ಒಮ್ಮೆ ನೋಡಿದರು. ನಾನೇ ಒಳಗಿನಿಂದ, "ಹಾಲಿಗಿಂತ ದೊಡ್ಡ ಆಹಾರ ಯಾವುದಿದೆ ಸಣ್ಣಮ್ಮಾ? ನೀವೇ ಹಾಲು ಮಾರೋರು ಹೀಗಂದ್ರೆ ಹೇಗೆ?" ಅಂತ ಉತ್ತರ ಕೊಟ್ಟೆ. ಅವರು ನಕ್ಕುಬಿಟ್ಟರು.

ಅದಾದ ಮೇಲೆ ಬೆಕ್ಕು ಚೇತರಿಸಿಕೊಳ್ಳತೊಡಗಿತು. ಕೂದಲಿಗೆ ಹೊಳಪು ಬಂತು. ಗಣೇಶನ ಹಬ್ಬ ಕಳೆದು ಕಟ್ಟು ಬಿಚ್ಚಿದಾಗ ಕಾಲು ಗಿಡ್ಡವಾಗಿ, ಸೊಟ್ಟಗೆ ಕೂಡಿಕೊಂಡಿತ್ತು. ಹಾರುವುದಕ್ಕೆ, ಗೋಡೆ ಹತ್ತುವುದಕ್ಕೆ ಆಗುತ್ತಿರಲಿಲ್ಲ. ಕುಂಟಿಕೊಂಡು ನಡೆಯುತ್ತಿತ್ತು, ಅಷ್ಟೇ. ಸಂಜೆ ಅಪ್ಪನ ಸೈಕಲ್ ಬೆಲ್ಲು ತಿರುವಿನಲ್ಲಿ ಕೇಳಿದರೆ ಸಾಕು, ಎಲ್ಲಿದ್ದರೂ ಎದ್ದು ಗೇಟಿನ ತನಕ ಹೋಗುತ್ತಿತ್ತು. ಯಾವ ಸೈಕಲ್ ಕಾಲು ಮುರಿದಿತ್ತೋ ಅದರ ಚಕ್ರಕ್ಕೇ ಕೆನ್ನೆ ಉಜ್ಜುತ್ತಿತ್ತು. ಅಪ್ಪ ಇಳಿದು, "ಬಂದೆ ಕಣೇ, ಬಂದೆ" ಅನ್ನುತ್ತಿದ್ದರು. ನಾನೂ ಕರಗಿದೆ. ಒಳಗೆ ಬಿಟ್ಟುಕೊಂಡೆ. ಓದಲು ಕೂತರೆ ಮಡಿಲಿಗೆ ಬರುವಷ್ಟು ಸಲಿಗೆ ಬೆಳೆಯಿತು.

ಆದರೂ ಅದಕ್ಕೊಂದು ಒಳ್ಳೆಯ ಮನೆ ನೋಡಬೇಕು ಅಂತ ಅಪ್ಪ ಹೇಳುತ್ತಲೇ ಇದ್ದರು. ಹಗಲೆಲ್ಲ ಮನೆಗೆ ಬೀಗ, ಕುಂಟು ಪ್ರಾಣಿ, ಬೀದಿನಾಯಿಗಳ ಕಾಟ. ನಾನು ಒಂದು ಷರತ್ತು ಹಾಕಿದೆ. ಕೊಡುವುದಾದರೆ ನಮ್ಮಂಥವರ ಮನೆಗೇ ಕೊಡಬೇಕು, ಮಾಂಸ ತಿನ್ನುವವರಿಗೆ ಬೇಡ. ಹೆಣ್ಣಿಗೆ ಗಂಡು ಹುಡುಕಿದ ಹಾಗೆ ಹುಡುಕಿದ್ದೇ ಹುಡುಕಿದ್ದು. ಹಿಂದಿನ ರಸ್ತೆಯ ಮೇಷ್ಟ್ರ ಮನೆಯವರು ಒಪ್ಪಿ ತೆಗೆದುಕೊಂಡು ಹೋದವರು ನಾಲ್ಕನೆಯ ದಿನ, ಒಂದು ಇಲಿಯನ್ನೂ ಹಿಡಿಯಲಿಲ್ಲ ಅಂತ ವಾಪಸ್ ತಂದುಬಿಟ್ಟರು. ನನಗೆ ಒಳಗೊಳಗೇ ಖುಷಿ. ನಮ್ಮ ಬೂದಮ್ಮ ಇಲಿ ಹಿಡಿಯುವ ಜಾತಿಯಲ್ಲ, ಹಾಲು ಮೊಸರಿನಲ್ಲಿ ಬೆಳೆದವಳು ಅಂತ ಕಾಲೇಜಿನಲ್ಲೆಲ್ಲ ಹೇಳಿಕೊಂಡು ತಿರುಗಿದೆ. ನನ್ನ ಜಂಬಕ್ಕಿಷ್ಟು ಬೆಂಕಿ ಬೀಳ!

ದೀಪಾವಳಿಗೆ ಎರಡು ದಿನ ಇರುವಾಗ ಹಿತ್ತಿಲು ಗುಡಿಸಲು ಹೋದೆ. ಗೋಡೆಯ ಮೂಲೆಯಲ್ಲಿ, ಮಡಿಬಟ್ಟೆ ಒಣಗಿಸುವ ಹಗ್ಗದ ಕೆಳಗೆ, ಮುತ್ತುಗದ ಎಲೆಯ ಮೇಲೆ ಒಣಮೀನಿನ ಚೂರು. ಬೂದಮ್ಮ ಕಣ್ಣು ಮುಚ್ಚಿಕೊಂಡು ತಿನ್ನುತ್ತಿತ್ತು. ಗೋಡೆಯ ಆಚೆ ಸಣ್ಣಮ್ಮ ಖಾಲಿ ಕ್ಯಾನು ಹಿಡಿದು ನಿಂತು ನೋಡುತ್ತಿದ್ದರು.

ನಾನು ಏನೇನು ಅಂದೆನೋ, ಎಲ್ಲವನ್ನೂ ಬರೆಯುವ ಧೈರ್ಯ ಈಗಲೂ ಇಲ್ಲ. ಅದುವರೆಗೆ ನೀವು ಅನ್ನುತ್ತಿದ್ದ ಬಾಯಿ ಆವತ್ತು ನೀನು ಅಂದಿತು. "ಇದು ಯಾರ ಮನೆ ಅಂದ್ಕೊಂಡಿದೀಯ? ನಮ್ಮಮ್ಮ ಓಡಾಡಿದ ಜಾಗ ಇದು. ಥೂ! ನಿನ್ನ ಕೈ ಹಾಲು ಹೇಗೆ ಕುಡಿಯೋದು ನಾವು?"

ಸಣ್ಣಮ್ಮನ ಮುಖ ಕಪ್ಪಿಟ್ಟಿತು. "ತಪ್ಪಾಯ್ತು ಕಣವ್ವಾ. ನಿಮ್ಗಾಗ್ದಿದ್ರೆ ಆ ಬೆಕ್ಕ ನಂಗ್ ಕೊಟ್ಬುಡಿ. ಮಗೀನಂಗೆ ಸಾಕ್ಕೊಂತೀನಿ" ಅಂದರು.

"ನಿಮ್ಮನೆಗಾ? ಮೀನು ಮಾಂಸದ ಮನೆಗಾ? ಅದಕ್ಕಿಂತ ಅದು ಇಲ್ಲೇ ಸಾಯಲಿ."

ಅಪ್ಪ ಹಿತ್ತಿಲ ಬಾಗಿಲಲ್ಲಿ ನಿಂತಿದ್ದರು. ಪೂಜೆ ಮುಗಿಸಿ ಎದ್ದವರು, ಹಣೆಯ ವಿಭೂತಿ ಇನ್ನೂ ಹಸಿ. ಸಣ್ಣಮ್ಮ ಅವರ ಕಡೆ ಒಂದೇ ಒಂದು ಸಲ ನೋಡಿದರು. ಅಪ್ಪ ತಲೆ ತಗ್ಗಿಸಿ ಒಳಗೆ ಹೋದರು. ಸಣ್ಣಮ್ಮ ಸೆರಗು ಸರಿಮಾಡಿಕೊಂಡು ನಡೆದರು. ನಾನು ಹಿತ್ತಿಲಿಗೆಲ್ಲ ನೀರು ಸುರಿದು ಸಗಣಿ ಸಾರಿಸಿದೆ.

ಆವತ್ತಿನಿಂದ ಬೂದಮ್ಮನ ಕೊರಳಿಗೆ ಹಗ್ಗ ಬಿತ್ತು. ಹಗಲು ಅಡುಗೆಮನೆಯ ಕಿಟಕಿಗೆ ಕಟ್ಟಿ ಕಾಲೇಜಿಗೆ ಹೋಗುತ್ತಿದ್ದೆ. ಹೊತ್ತಿಗೆ ಸರಿಯಾಗಿ ಹಾಲು, ಮಧ್ಯಾಹ್ನಕ್ಕೆ ಕಲಸಿಟ್ಟ ಮೊಸರನ್ನ. ಒಂದು ದಿನವೂ ತಪ್ಪಿಸಲಿಲ್ಲ. ನನಗೆ ಜ್ವರ ಬಂದಾಗಲೂ ಎದ್ದು ಹಾಲು ಕಾಯಿಸಿ ಆರಿಸಿ ಕೊಟ್ಟಿದ್ದೇನೆ. ಅದನ್ನು ಪ್ರೀತಿ ಅಲ್ಲ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ಸಂಕ್ರಾಂತಿ, ಶಿವರಾತ್ರಿ, ಪರೀಕ್ಷೆ, ಬೇಸಿಗೆ ಎಲ್ಲ ಕಳೆದವು. ಮಳೆ ಬೀಳುವ ಹೊತ್ತಿಗೆ ಬೂದಮ್ಮನ ಕಣ್ಣು ಬದಲಾಯಿತು. ಹಗಲಲ್ಲೂ ಪಾಪೆ ದೊಡ್ಡದಾಗಿ, ಒಳಗೆ ಹಸಿರು ದೀಪ ಹಚ್ಚಿದ ಹಾಗೆ ಹೊಳೆಯತೊಡಗಿತು. "ನೋಡಿ ಅಪ್ಪಾ, ಹಾಲು ಕುಡಿದು ಎಂಥ ಕಳೆ ಬಂದಿದೆ!" ಅಂದೆ ನಾನು. ಹಾಗಂದದ್ದು ನೆನಪಾದರೆ ಈಗಲೂ ಎದ್ದು ಮನೆಯಲ್ಲೆಲ್ಲ ಓಡಾಡಿಬಿಡುತ್ತೇನೆ, ಕೂತಲ್ಲಿ ಕೂರಲಾಗುವುದಿಲ್ಲ.

ಅಪ್ಪ ಬೇರೇನನ್ನೋ ಗಮನಿಸಿದ್ದರು. ಒಂದು ಸಂಜೆ ಬೆಲ್ಲು ಕೇಳಿ ಬೂದಮ್ಮ ಎಂದಿನಂತೆ ಗೇಟಿಗೆ ಓಡಿತು. ಗೇಟು ಅರ್ಧ ಮುಚ್ಚಿತ್ತು. ಕಬ್ಬಿಣಕ್ಕೆ ಮುಖ ಹೊಡೆದುಕೊಂಡು ಬಿತ್ತು. ಎದ್ದು ಮತ್ತೆ ಅಲ್ಲಿಗೇ ಹೋಗಿ ಹೊಡೆದುಕೊಂಡಿತು. ಅಪ್ಪ ಸೈಕಲ್ ಅಲ್ಲೇ ಕೆಡವಿ ಬಂದು ಅದರ ಕಣ್ಣ ಮುಂದೆ ಕೈ ಆಡಿಸಿದರು. ಮತ್ತೆ ಆಡಿಸಿದರು. ಬೆಕ್ಕು ಅವರ ಹಿಂದಿದ್ದ ಗೋಡೆಯನ್ನೇ ನೋಡುತ್ತಿತ್ತು.

ಅದನ್ನು ಮಂಕರಿಯಲ್ಲಿಟ್ಟುಕೊಂಡು ಇಬ್ಬರೂ ದನದ ಆಸ್ಪತ್ರೆಗೆ ಹೋದೆವು. ಎಮ್ಮೆ ಎತ್ತುಗಳ ನಡುವೆ ಸರದಿಗೆ ಕಾದೆವು. ಡಾಕ್ಟರು ಬ್ಯಾಟರಿ ಬಿಟ್ಟು ಎರಡೂ ಕಣ್ಣು ನೋಡಿ, ಎದೆಗೆ ಕೊಳವೆ ಇಟ್ಟು ಕೇಳಿ, "ಏನ್ ಹಾಕ್ತೀರಿ ಊಟಕ್ಕೆ?" ಅಂದರು.

"ಹಾಲು, ಮೊಸರನ್ನ. ಬೇರೆ ಏನೂ ಮುಟ್ಟಿಸಲ್ಲ ಸಾರ್, ನಾನು ಸೈನ್ಸ್ ಓದ್ತಿದೀನಿ" ಅಂದೆ, ಇನ್ನೂ ಹೆಮ್ಮೆಯಿಂದಲೇ.

ಡಾಕ್ಟರು ಬ್ಯಾಟರಿ ಆರಿಸಿ ನನ್ನ ಮುಖವನ್ನೇ ನೋಡಿದರು. "ಏನಮ್ಮಾ, ಸೈನ್ಸ್ ಓದ್ತೀನಿ ಅಂತೀಯ. ಇದು ಬೆಕ್ಕು ಕಣಮ್ಮಾ. ಹಾಲು ಕುಡಿಸಿ ಕುಡಿಸಿ ಉಪವಾಸ ಕೆಡವಿದೀರ. ಎದೆಯೂ ಸೋತಿದೆ. ಮೀನೋ ಮಾಂಸವೋ ಹಾಕಿದ್ರೆ ಜೀವ ಉಳಿಯಬಹುದು. ಕಣ್ಣು ಮಾತ್ರ ವಾಪಸ್ ಬರಲ್ಲ."

ಬೆಕ್ಕಿಗೆ ಬೇಕಾದ ಒಂದು ಸತ್ವ ಮಾಂಸ, ಮೀನಿನಲ್ಲಿ ಮಾತ್ರ ಸಾಕಷ್ಟು ಸಿಗುತ್ತದೆ, ಅದಿಲ್ಲದೆ ಹೋದರೆ ಕಣ್ಣು ಒಳಗಿನಿಂದಲೇ ಸತ್ತುಹೋಗುತ್ತದೆ ಅಂತ ಎಷ್ಟೋ ವರ್ಷಗಳ ಮೇಲೆ ಎಲ್ಲೋ ಓದಿದೆ. ಆವತ್ತು ಅದೇನೂ ಗೊತ್ತಿರಲಿಲ್ಲ. ಉಪವಾಸ ಅನ್ನುವ ಮಾತೊಂದೇ ಕಿವಿಯಲ್ಲಿ ಉಳಿಯಿತು. ಅಪ್ಪ ಮನೆ ತಲುಪಿ ಸೈಕಲ್ ನಿಲ್ಲಿಸುವಾಗ, "ಭಾನುವಾರ ಹೇರೋಹಳ್ಳಿಗೆ ಹೋಗೋಣ" ಅಂದರು. ನಾನು ತಲೆಯಾಡಿಸಿದೆ.

ಸಣ್ಣಮ್ಮನ ಮನೆ ಊರಿನ ಅಂಚಿನಲ್ಲಿತ್ತು. ಎರಡು ಹಸು, ಒಂದು ಎಮ್ಮೆ, ಮುಂದೆ ಸಾರಿಸಿದ ಅಂಗಳ. ನಾವು ಬಂದದ್ದು ಯಾಕೆ ಅಂತ ಅವರು ಕೇಳಲಿಲ್ಲ. ಮಂಕರಿಯಿಂದ ಬೂದಮ್ಮನನ್ನು ಎತ್ತಿ, ಕಣ್ಣು ನೋಡಿ, "ಅಯ್ಯೋ ಕಂದಾ" ಅಂದರು. ಒಳಗೆ ಹೋಗಿ ಒಣಮೀನನ್ನು ನೀರಲ್ಲಿ ನೆನೆಸಿ, ಮುಳ್ಳು ಬಿಡಿಸಿ, ಅಂಗೈಯಲ್ಲಿಟ್ಟುಕೊಂಡು ಬಂದರು. ಅಂಗಳದಲ್ಲಿ ಹೊಟ್ಟೆ ನೆಲಕ್ಕೊತ್ತಿ ಮುದುಡಿಕೊಂಡಿದ್ದ ಬೆಕ್ಕು ವಾಸನೆ ಬಂದ ಕಡೆಗೆ ಕತ್ತೆತ್ತಿತು. ತಡವರಿಸಿಕೊಂಡು ನಡೆದು ನೇರ ಅವರ ಕೈ ಹತ್ತಿರ ಹೋಗಿ ನಿಂತಿತು.

"ಮರ್ತಿಲ್ಲ ನೋಡಿ ಸ್ವಾಮಿ" ಅಂತ ಸಣ್ಣಮ್ಮ ಕಣ್ಣೊರೆಸಿಕೊಂಡರು. "ನೀವ್ ಹೇಳ್ದಾಗಿಂದ ದೀಪಾವಳಿ ಗಂಟ ದಿನಾ ಇಕ್ಕಿದ್ನಲ್ಲ, ಅದ್ಕೇಯ."

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅಪ್ಪನ ಮುಖ ನೋಡಿದೆ.

"ನೀವಾ ಅಪ್ಪಾ? ನೀವಾ ಹೇಳಿದ್ದು?"

"ಹೂಂ ಕಣವ್ವಾ. ನಮ್ಮನೇಲಿ ಆಗೋದಿಲ್ಲ ತಾಯಿ, ಕಟ್ಟು ಬಿಚ್ಚೋ ತನಕ ಮಂಕರೀಲಿ, ಆಮೇಲೆ ಹಿತ್ತಿಲ ಗೋಡೆ ಹತ್ರ ಒಂಚೂರು ಇಟ್ಟು ಹೋಗು ಅಂತ ನಾನೇ ಕೇಳ್ಕೊಂಡೆ. ಅದಾದ ಮೇಲೇ ಅದು ಚೇತರಿಸಿಕೊಂಡಿದ್ದು."

"ಮತ್ತೆ ಆವತ್ತು ನಾನು ಅಷ್ಟೆಲ್ಲ ಅಂದಾಗ ಯಾಕೆ ಬಾಯಿ ಬಿಡಲಿಲ್ಲ?"

ಅಪ್ಪ ಹಸುಗಳ ಕಡೆ ನೋಡಿದರು. "ನೀನು ಬೈತಾ ಇದ್ರೆ ನಿಮ್ಮಮ್ಮನೇ ನಿಂತು ಬೈದಂಗಿತ್ತು ಕಣವ್ವಾ. ಅವಳ ಮುಂದೆ ನನಗೆ ಯಾವತ್ತೂ ಬಾಯಿ ಬಂದಿಲ್ಲ. ತಪ್ಪು ನಂದೇ. ಚಕ್ರ ಹತ್ತಿಸಿದ್ದೂ ನಾನೇ, ಸುಮ್ಮನಿದ್ದಿದ್ದೂ ನಾನೇ."

ಸಣ್ಣಮ್ಮ ನಮ್ಮಿಬ್ಬರ ನಡುವೆ ಕೈ ಚಾಚಿದರು. ಅಂಗೈಯಲ್ಲಿ ಮೀನಿನ ಚೂರು. "ಬುಡಿ ಸ್ವಾಮಿ, ಆಗಿದ್ದಾಯ್ತು. ಗಿರ್ಜವ್ವಾ, ನೀನೇ ಒಂದ್ ಚೂರು ಕೊಡು ಬಾ. ಕಣ್ಣಿಲ್ದಿದ್ದು, ಇನ್ನು ಕೈ ವಾಸ್ನೆಲೇ ಗುರ್ತು ಹಿಡೀಬೇಕು."

ಕೊಡಬೇಕು ಅಂತ ನನಗೆ ನಿಜವಾಗಿ ಮನಸ್ಸಿತ್ತು. ಕೈ ಮುಂದಕ್ಕೂ ಹೋಯಿತು. ವಾಸನೆ ಬಡಿಯಿತು. ಕಪ್ಪೆಯ ಹೊಟ್ಟೆ ಸೀಳಿ ಮಾರ್ಕು ತೆಗೆದ ಕೈ ಅದು, ಅರ್ಧಕ್ಕೇ ಹಿಂದಕ್ಕೆ ಬಂದು ಸೆರಗಿನಲ್ಲಿ ಸೇರಿಕೊಂಡಿತು. ಆಗ ಅಪ್ಪ ಬಗ್ಗಿದರು. ಹಣೆತುಂಬ ವಿಭೂತಿ, ಕೊರಳಲ್ಲಿ ಲಿಂಗ. ಆ ಮೀನನ್ನು ಎರಡು ಬೆರಳಲ್ಲಿ ತೆಗೆದುಕೊಂಡು ಬೂದಮ್ಮನ ಬಾಯಿಯ ಹತ್ತಿರ ಹಿಡಿದರು. ಅದು ತಿಂದಿತು. ತಿಂದು ಅವರ ಬೆರಳು ನೆಕ್ಕಿತು. ಆಮೇಲೆ ನನ್ನ ಕಡೆ ಬಂದು ಕಾಲು ಮೂಸಿ, ಸೆರಗು ಮೂಸಿ, ಸ್ವಲ್ಪ ಹೊತ್ತು ನಿಂತು ವಾಪಸ್ ಹೋಯಿತು.

ಬೂದಮ್ಮ ಅಲ್ಲಿ ಇನ್ನೊಂದೂವರೆ ವರ್ಷ ಬದುಕಿದಳು. ಅಪ್ಪ ಭಾನುವಾರ ಭಾನುವಾರ ನೋಡಿಕೊಂಡು ಬರುತ್ತಿದ್ದರು. ಊರ ಹೊರಗೇ ಸೈಕಲ್ ಇಳಿದು, ಬೆಲ್ಲು ಮಾಡದೆ ತಳ್ಳಿಕೊಂಡು ಹೋಗುತ್ತಿದ್ದರಂತೆ, ಸದ್ದು ಕೇಳಿದರೆ ಕಣ್ಣಿಲ್ಲದ್ದು ರಸ್ತೆಗೆ ಓಡಿ ಬಂದೀತು ಅಂತ. ನಾನು ಮತ್ತೆ ಹೋಗಲಿಲ್ಲ. ಓದು ಇದೆ ಅಂದೆ, ಅಡುಗೆ ಇದೆ ಅಂದೆ.

ಸಣ್ಣಮ್ಮ ಅಷ್ಟೆಲ್ಲ ಅನ್ನಿಸಿಕೊಂಡರೂ ಹಾಲು ತರುವುದನ್ನು ಬಿಡಲಿಲ್ಲ. ನಾವೂ ಅವರ ಕೈಯ ಹಾಲನ್ನೇ ಕುಡಿದೆವು. ಒಂದು ಬೆಳಗ್ಗೆ ಪಾತ್ರೆಗೆ ಹಾಲು ಹುಯ್ಯುತ್ತ, ತಲೆ ಎತ್ತದೆ, "ಬೂದಮ್ಮ ಹೋದ್ಲು ಕಣವ್ವಾ. ರಾತ್ರಿ ಮಲ್ಗಿದ್ದು ಎದ್ದೇಳ್ನಿಲ್ಲ. ಅಪ್ಪಾರ್ಗೆ ನೀನೇ ಹೇಳು" ಅಂದರು. ನಾನು ಎರಡೂ ಕೈಯಲ್ಲಿ ಪಾತ್ರೆ ಹಿಡಿದಿದ್ದೆ. ಎರಡು ವರ್ಷದಿಂದ ಗಂಟಲಲ್ಲೇ ಇದ್ದ ಮಾತು ನಾಲಿಗೆಯ ತುದಿಗೆ ಬಂತು. ತಪ್ಪಾಯ್ತು ಸಣ್ಣಮ್ಮಾ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಆದರೆ ನಾನು, "ನಾಳೆ ಹಬ್ಬ, ಅರ್ಧ ಲೀಟರ್ ಜಾಸ್ತಿ ತನ್ನಿ" ಅಂದೆ. ಅವರು ಆಗಲವ್ವ ಅಂತ ಹೇಳಿ ಕ್ಯಾನಿನ ಮುಚ್ಚಳ ಹಾಕಿದರು.

ಈಗ ಅಪ್ಪನೂ ಇಲ್ಲ, ಸಣ್ಣಮ್ಮನೂ ಇಲ್ಲ. ಹೋದ ವಾರ ಹೇರೋಹಳ್ಳಿಯಲ್ಲಿ ಅವರ ಅಂಗಳ ಎಲ್ಲಿತ್ತು ಅಂತ ಹುಡುಕಿದೆ. ಸಾಲು ಮನೆಗಳ ನಡುವೆ ಗುರುತೇ ಸಿಗಲಿಲ್ಲ.

ಮೀನಿನ ಪೊಟ್ಟಣ ನನ್ನ ಕೋಣೆಯ ಕಿಟಕಿಯ ಮೇಲಿದೆ. ಸೊಸೆ ಒಂದು ಮಾತೂ ಆಡಿಲ್ಲ, ದೊಡ್ಡ ಮನಸ್ಸು ಅವಳದು. ನಮ್ಮ ಕಾಂಪೌಂಡಿನ ಮೇಲೆ ಕೆಂಚು ಬೆಕ್ಕೊಂದು ಓಡಾಡುತ್ತದೆ, ಯಾರ ಮನೆಯದೂ ಅಲ್ಲ. ನಿನ್ನೆ ಮಧ್ಯಾಹ್ನ ಪೊಟ್ಟಣ ಬಿಚ್ಚಿ, ಒಂದು ಮೀನನ್ನು ನೀರಲ್ಲಿ ನೆನೆಸಿ, ಮುಳ್ಳು ಬಿಡಿಸಿ, ಅಂಗೈಯಲ್ಲಿಟ್ಟುಕೊಂಡು ಹೊರಗೆ ಹೋಗಿ ಕೈ ಚಾಚಿದೆ. ಬೆಕ್ಕು ದೂರದಲ್ಲೇ ಕೂತು ನನ್ನನ್ನು ನೋಡಿತು. ಹತ್ತಿರ ಬರಲಿಲ್ಲ. ಬಿಸಿಲು ಸರಿಯುವ ತನಕ ನಿಂತಿದ್ದೆ, ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.